ಸಂಜೆಯವರೆಗೆ ಮಾತು

ಫೆಬ್ರವರಿ ೩, ಸೋಮವಾರ

ಡಾಕ್ಟರಮ್ಮ ಸುತ್ತಿಬಳಸಿ ಮಾತಾಡಲಿಲ್ಲ. ಅಕ್ಕನ ಗಂಟಲಲ್ಲಿ ಬೆಳೆದಿರುವ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕಂತೆ. ಬೇಗ ತೆಗೆದರೆ ಜೀವಕ್ಕೆ ಭಯವಿಲ್ಲ. "ಮಾತು ಮಾತ್ರ ಹೋಗತ್ತೆ," ಎಂದರು. ಆ 'ಮಾತ್ರ' ಕೇಳಿ ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಜೀವಮಾನವಿಡೀ ಕನ್ನಡಕದಂಗಡಿ ನಡೆಸಿದವರು. ಗಾಜನ್ನು ಅಂಗಿಯಲ್ಲಿ ಒರೆಸಬಾರದೆಂದು ಬಂದವರಿಗೆಲ್ಲ ಬುದ್ಧಿ ಹೇಳುವವರು.

ಅಕ್ಕ ಕೇಳಿದಳು: "ಯಾವಾಗ ಡಾಕ್ಟ್ರೇ?"

"ಈ ತಿಂಗಳ ಕೊನೇ ವಾರ."

"ಹಾಗಾದ್ರೆ ಸಾಕು. ಇವರಿಗೆ ಬೈಯೋದು ಇನ್ನೂ ಬಾಕಿ ಇದೆ. ಅಷ್ಟರೊಳಗೆ ಮುಗಿಸ್ತೀನಿ."

ಡಾಕ್ಟರಮ್ಮ ನಕ್ಕರು. ಭಾವನೂ ನಕ್ಕಂತೆ ಮಾಡಿದರು. ನನಗೆ ಆಗಲಿಲ್ಲ. ಮೂವತ್ತು ವರ್ಷ ರೈಲು ಸ್ಟೇಷನ್ನಿನ ಮೈಕಿನ ಮುಂದೆ ಕೂತು, ಯಾವ ಗಾಡಿ ಬಂತು, ಯಾವುದು ಹೊರಟಿತು ಎಂದು ಊರಿಗೆಲ್ಲ ಹೇಳಿದ ಗಂಟಲು ಅದು. ನಿವೃತ್ತಿಯಾದ ಮೇಲೆ ಮನೆಯಲ್ಲೂ ಸುಮ್ಮನಿರದ ಗಂಟಲು. ಅವಳು ಫೋನ್ ಮಾಡಿದರೆ ನಾನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯುತ್ತಿದ್ದೆ.

ಪ್ರಯೋಗಾಲಯದಲ್ಲಿ ದಿನವೂ ಬರೆಯುತ್ತೇನೆ. ಆದರೆ ಅದು ವೋಲ್ಟು, ಆಂಪಿಯರ್. ಮನೆಯ ವಿಷಯ ಬರೆಯಲು ಕೂತರೆ ಪೆನ್ನು ಮೊಂಡು ಹಿಡಿಯುತ್ತದೆ. ಇಷ್ಟು ಸಾಕು.

ಫೆಬ್ರವರಿ ೫, ಬುಧವಾರ

ನಿರ್ಧಾರ ಮಾಡಿದೆ. ಅಕ್ಕನಿಗೆ ಮಾತಾಡುವ ಪೆಟ್ಟಿಗೆ ಮಾಡಿಕೊಡುತ್ತೇನೆ. ಅವಳು ಕೀಲಿ ಒತ್ತಿ ಬರೆದದ್ದನ್ನು ಅದು ಅವಳದೇ ಧ್ವನಿಯಲ್ಲಿ ಹೇಳಬೇಕು. ಇಂಥ ಸಾಧನಗಳು ಅಂಗಡಿಯಲ್ಲಿ ಸಿಗುತ್ತವೆ, ಫೋನಿನಲ್ಲೂ ಇವೆ. ಅವು ಮಾತಾಡುವುದು ಯಾರದೋ ಧ್ವನಿಯಲ್ಲಿ. ಅವಳ ಧ್ವನಿಯೇ ಬೇಕೆಂದರೆ ಬರೆದದ್ದು ದೂರದ ಯಾವುದೋ ಯಂತ್ರಕ್ಕೆ ಹೋಗಿ ಬರಬೇಕು. ಅಕ್ಕನ ಮನೆಯಲ್ಲಿ ಕಿಟಕಿಯ ಹತ್ತಿರ ನಿಂತರಷ್ಟೇ ನೆಟ್‌ವರ್ಕ್. ಮಾತಾಡಲು ಪ್ರತಿ ಸಲ ಕಿಟಕಿಗೆ ಓಡುವುದಕ್ಕಾಗುತ್ತದೆಯೇ?

ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಆಪರೇಷನ್ನಿನಲ್ಲಿ ಕತ್ತಿನ ಸ್ನಾಯುಗಳೂ ಸೋಲುತ್ತವೆ, ಕೊರಳಿಗೆ ಭಾರ ಹಾಕಬೇಡಿ ಎಂದರು. ಅಂದರೆ ಬ್ಯಾಟರಿ ಚಿಕ್ಕದೇ ಇರಬೇಕು. ಇರಲಿ. ಚಿಕ್ಕ ಬ್ಯಾಟರಿಯಲ್ಲಿ ದೊಡ್ಡ ಕೆಲಸ ಮಾಡಿಸುವುದೇ ನನ್ನ ಕಸುಬು. ನಾನು ಮಾಡಿದ ನೀರಿನ ಮೀಟರುಗಳು ಒಂದೇ ಸೆಲ್ಲಿನಲ್ಲಿ ಹತ್ತು ವರ್ಷ ಬದುಕುತ್ತವೆ. ದಿನಕ್ಕೊಂದು ಸಲ ಎದ್ದು ಒಂದು ಅಂಕಿ ಹೇಳಿ ಮಲಗುತ್ತವೆ. ಬೇರೆ ಸದ್ದಿಲ್ಲ.

ನಮ್ಮ ಮುಖ್ಯಸ್ಥರು ರಜೆ ಕೊಟ್ಟರು. ನಿಂತುಹೋದ ಯೋಜನೆಯೊಂದರ ಪ್ರೊಸೆಸರ್ ಬೋರ್ಡನ್ನೂ ಕೊಟ್ಟರು. "ತಗೊಂಡು ಹೋಗಿ, ಇಲ್ಲಿ ಧೂಳು ಹಿಡೀತಿದೆ," ಎಂದರು.

ಫೆಬ್ರವರಿ ೮, ಶನಿವಾರ

ಸ್ಟೇಷನ್ನಿನ ಹಳೆಯ ಧ್ವನಿಮುದ್ರಣಗಳು ಸಿಕ್ಕವು. ಸ್ವಚ್ಛ, ಸ್ಪಷ್ಟ. ಧ್ವನಿಯ ಕೆಲಸ ಬಲ್ಲ ಹಳೆಯ ಗೆಳತಿಯೊಬ್ಬಳು ಅದನ್ನೆಲ್ಲ ಯಂತ್ರಕ್ಕೆ ಕಲಿಸಿ ಒಂದು ಕಚ್ಚಾ ಧ್ವನಿ ಮಾಡಿಕೊಟ್ಟಳು. ಅದನ್ನು ಬೋರ್ಡಿಗೆ ತುಂಬಿ ಹೆಮ್ಮೆಯಿಂದ ಅಕ್ಕನ ಅಡುಗೆಮನೆಗೆ ಒಯ್ದು, "ಸಾರಿಗೆ ಉಪ್ಪು ಕಡಿಮೆ" ಎಂದು ಬರೆದು ಗುಂಡಿ ಒತ್ತಿದೆ.

ಬೋರ್ಡು ಹೇಳಿತು. ಏನು ಗಾಂಭೀರ್ಯ! ಹೊರಗೆ ಪೇಪರ್ ಓದುತ್ತಿದ್ದ ಭಾವ, ಗಾಡಿ ಹೊರಡುತ್ತಿದೆಯೇನೋ ಎಂಬಂತೆ ಎದ್ದು ನಿಂತರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಹೇಳಿದಳು:

"ಇದು ಪ್ರಯಾಣಿಕರ ಧ್ವನಿ ಕಣೇ. ಇದನ್ನ ಹಾಕ್ಕೊಂಡು ಸಂಸಾರ ಮಾಡಕ್ಕಾಗತ್ತಾ?"

"ನಿನ್ನ ಧ್ವನಿ ಈಗ ಒಡೆದಿದೆ ಅಕ್ಕಾ. ಅದು ಚೆನ್ನಾಗಿದೆ, ಒಂದೇ ಒಂದು ತೊಡಕಿಲ್ಲ."

"ಒಡೆದಿದ್ರೂ ಇದು ಮನೇದು. ಇದನ್ನೇ ಹಿಡ್ಕೋ."

ಎರಡನ್ನೂ ಬೆರೆಸಬಹುದು ಎಂದಳು ಗೆಳತಿ: ಸ್ವರ ಹಳೆಯದರಿಂದ, ಧಾಟಿ ಈಗಿನದರಿಂದ. ಅದಕ್ಕೆ ಅಕ್ಕ ಸಹಜವಾಗಿ ಮಾತಾಡಬೇಕು, ತುಂಬ ಮಾತಾಡಬೇಕು. ಅಕ್ಕನಿಗೆ ಇಂಥ ಅಪ್ಪಣೆಯನ್ನು ಜೀವನದಲ್ಲಿ ಯಾರೂ ಕೊಟ್ಟಿರಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ದಿನವೂ ಬೆಳಿಗ್ಗೆ ಅವಳ ಮಲಗುವ ಕೋಣೆಯಲ್ಲಿ ಕೂರುತ್ತೇವೆ. ಸದ್ದು ಪ್ರತಿಧ್ವನಿಸದಿರಲೆಂದು ಕಿಟಕಿಗೆ ಕಂಬಳಿ ಕಟ್ಟಿದ್ದೇನೆ. ಓದಲೆಂದು ನಾನು ತಂದ ವಾಕ್ಯಗಳನ್ನು ಎರಡು ನಿಮಿಷ ಓದಿ ಬದಿಗಿಟ್ಟಳು. "ಇದರಲ್ಲಿ ಮನುಷ್ಯರೇ ಇಲ್ಲ," ಎಂದು ತನ್ನ ಪಾಡಿಗೆ ಶುರು ಮಾಡಿದಳು.

ಇವತ್ತು ರೇಡಿಯೋ ವಿಷಯ. ನಾವು ಚಿಕ್ಕವರಿದ್ದಾಗ ಅಪ್ಪ ತಂದಿದ್ದ ಕೆಂಪು ಬಣ್ಣದ ರೇಡಿಯೋ. ಅದಕ್ಕೆ ಮೂರು ಸೆಲ್ಲು ಬೇಕಿತ್ತು. ವಾರದ ನಾಟಕ ಬರುವ ದಿನಕ್ಕೆ ಸರಿಯಾಗಿ ಸೆಲ್ಲುಗಳು ಸುಸ್ತಾಗುತ್ತಿದ್ದವು. ಅಕ್ಕ ಅವನ್ನು ಮಧ್ಯಾಹ್ನವೆಲ್ಲ ಮಹಡಿಯ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು, ಕಾಗೆ ಒಯ್ಯುತ್ತದೆಂದು ಹೆದರಿಸಿ ನನ್ನನ್ನು ಕಾವಲಿಗೆ ಕೂರಿಸುತ್ತಿದ್ದಳು.

"ಕಾಗೆಗೆ ಸೆಲ್ಲು ಯಾಕೆ ಅಂತ ನೀನು ಒಂದು ದಿನಾನೂ ಕೇಳಲಿಲ್ಲ," ಎಂದಳು ಮೈಕಿಗೆ.

ಸಂಜೆ ಧ್ವನಿಯನ್ನು ಪೂರ್ತಿ ತಗ್ಗಿಸಿ, ಇಬ್ಬರೂ ರೇಡಿಯೋದ ಎರಡು ಬದಿಗೆ ಕಿವಿ ಒತ್ತಿಕೊಂಡು ಕೇಳುತ್ತಿದ್ದೆವು. ನಾಟಕದ ಕೊನೆಯಲ್ಲಿ ಅದು ಮುಲುಗುತ್ತಾ ನಿಂತುಹೋಗುತ್ತಿತ್ತು. ಆಮೇಲಿನದನ್ನು ಅಕ್ಕ ಹೇಳುತ್ತಿದ್ದಳು. ರಾಜಕುಮಾರನ ಧ್ವನಿ, ಮುದುಕಿಯ ಧ್ವನಿ, ಬಾಗಿಲ ಕಿರಕಿರ, ಎಲ್ಲ ಅವಳೇ. ಮರುದಿನ ಶಾಲೆಯಲ್ಲಿ ಗೆಳತಿಯರು ಹೇಳುವ ಕೊನೆ ಬೇರೆಯೇ ಇರುತ್ತಿತ್ತು. ನಾನು ಅವರದ್ದೇ ತಪ್ಪು ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

ಸದ್ದಿನ ಮಟ್ಟ ತೋರಿಸುವ ಸೂಜಿ ನೋಡುವುದನ್ನು ಮರೆತಿದ್ದೆ. ಅರ್ಧ ಗಂಟೆಯ ಮುದ್ರಣದಲ್ಲಿ ನನ್ನ ನಗು ತುಂಬ ಜೋರಾಗಿ ಬಿದ್ದು ಹಾಳಾಗಿದೆ. ನಾಳೆ ಎಚ್ಚರವಾಗಿರಬೇಕು.

ಫೆಬ್ರವರಿ ೨೦, ಗುರುವಾರ

ಅಕ್ಕನ ಧ್ವನಿ ಸಂಜೆಯಾಗುತ್ತಲೇ ಸೋಲುತ್ತಿದೆ. ಬೆಳಗಿನ ಹೊತ್ತು ಮಾತ್ರ ಮುದ್ರಿಸುತ್ತೇವೆ.

ಇವತ್ತು ನಮ್ಮ ಓಣಿಯ ಕಥೆ. ಅಮ್ಮ ಬಟ್ಟೆ ಗಿರಣಿಯಿಂದ ಬರುವುದು ಕತ್ತಲಾದ ಮೇಲೆ. ನನ್ನನ್ನು ಆಟದಿಂದ ಕರೆಯುವುದು ಅಕ್ಕನ ಕೆಲಸ. ಅವಳು ಹುಡುಕಿಕೊಂಡು ಬರುತ್ತಿರಲಿಲ್ಲ. ಮೂರನೇ ಮಹಡಿಯ ಕಟಕಟೆಗೆ ಒರಗಿ ಒಂದು ಸಲ ಕೂಗುತ್ತಿದ್ದಳು, ಅಷ್ಟೆ. ನೀರಿನ ಟ್ಯಾಂಕಿನ ಹಿಂದಿದ್ದರೂ, ಗೋದಾಮಿನ ಆಚೆಗಿದ್ದರೂ ಅದು ನನ್ನ ಬೆನ್ನಿಗೆ ಬಂದು ತಗಲುತ್ತಿತ್ತು. ಓಣಿಯ ಬೇರೆ ಮಕ್ಕಳ ತಾಯಂದಿರೂ, "ನಮ್ಮವನನ್ನೂ ಸ್ವಲ್ಪ ಕೂಗೇ," ಎಂದು ಅವಳಿಗೆ ಹೇಳುತ್ತಿದ್ದರು.

"ಈಗ ಕೂಗ್ಲಾ?" ಎಂದು ಕೇಳಿ, ನಾನು ಬೇಡವೆನ್ನುವ ಮೊದಲೇ ಕೂಗಿದಳು. ಒಡಕು ಗಂಟಲು, ಕೋಣೆಯನ್ನೂ ದಾಟಲಿಲ್ಲ. ಅದನ್ನು ಅಳಿಸಬೇಡ ಎಂದಳು. ಅಳಿಸಿಲ್ಲ.

ಫೆಬ್ರವರಿ ೨೬, ಬುಧವಾರ

ನಾಳೆ ಆಪರೇಷನ್. ಮಧ್ಯಾಹ್ನ ಆಸ್ಪತ್ರೆಗೆ ಹೊರಡುವ ಮೊದಲು ಕೊನೆಯ ಮುದ್ರಣ ಮಾಡೋಣವೆಂದು ಕೂತೆವು. ಅವಳು ಮೈಕನ್ನು ನೋಡಿ, "ಆರಿಸು," ಎಂದಳು.

ಆರಿಸಿದೆ. ಭಾವನನ್ನೂ ಒಳಗೆ ಕರೆದಳು. ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಮಾತಾಡಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಫೆಬ್ರವರಿ ೨೮, ಶುಕ್ರವಾರ

ಮುಗಿಯಿತು. ಚೆನ್ನಾಗಾಯಿತಂತೆ. ಕತ್ತಿನ ಬುಡದಲ್ಲಿ ರಂಧ್ರ, ಉಸಿರು ಅಲ್ಲಿಂದಲೇ. ಎಚ್ಚರವಾದಾಗ ಏನೋ ಹೇಳಲು ಬಾಯಿ ತೆರೆದಳು. ತೆರೆದೇ ಇತ್ತು, ಸ್ವಲ್ಪ ಹೊತ್ತು.

ಮಾರ್ಚ್ ೯, ಭಾನುವಾರ

ಅಕ್ಕ ಮನೆಗೆ ಬಂದಳು. ಪೆಟ್ಟಿಗೆ ಸಿದ್ಧ. ಅಂಗೈ ಅಗಲ, ಕೊರಳಿಗೆ ಹಗುರವಾದ ಪಟ್ಟಿ. ಮೊದಲ ಸಲ ಅವಳು ಕೀಲಿ ಒತ್ತಿ ಬರೆದಾಗ ಭಾವ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಪೆಟ್ಟಿಗೆ ಹೇಳಿತು: "ರೀ, ಗಡ್ಡ ಯಾವಾಗ ತೆಗೀತೀರಿ? ಪೇಷಂಟ್ ನಾನಾ ನೀವಾ?"

ಧ್ವನಿಯಲ್ಲಿ ಸ್ವಲ್ಪ ಒಡಕು, ಕೊನೆಯಲ್ಲಿ ಅವಳದೇ ಎಳೆತ. ಭಾವ ಎದ್ದುಹೋಗಿ ಗಡ್ಡ ತೆಗೆದುಕೊಂಡು ಬಂದರು. ಕಣ್ಣು ಕೆಂಪಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಪೆಟ್ಟಿಗೆ ಸತ್ತಿತು. ಅವಳ ಧ್ವನಿಯನ್ನು ಹುಟ್ಟಿಸುವುದು ಭಾರೀ ಲೆಕ್ಕ. ಪ್ರತಿ ಮಾತಿಗೂ ಪ್ರೊಸೆಸರ್ ಎದ್ದುಬಿದ್ದು ಪೂರ್ತಿ ವೇಗದಲ್ಲಿ ಓಡುತ್ತದೆ. ಚಾರ್ಜಿಗೆ ಹಾಕಿದರೆ ಅವಳು ಗೋಡೆಯ ಪಕ್ಕ ಕಟ್ಟಿಹಾಕಿದಂತೆ ಕೂರಬೇಕು.

ಬ್ಯಾಟರಿ: ಮಧ್ಯಾಹ್ನದವರೆಗೆ. ಬೇಕಾದದ್ದು: ರಾತ್ರಿ ಮಲಗುವವರೆಗೆ.

ಮಾರ್ಚ್ ೧೨, ಬುಧವಾರ

ಮಾಡಬೇಕಾದ್ದು ನನಗೆ ಗೊತ್ತಿರುವುದೇ. ವೇಗ ತಗ್ಗಿಸಿದರೆ ವೋಲ್ಟೇಜನ್ನೂ ತಗ್ಗಿಸಬಹುದು. ಬಸ್ಸು ಹಿಡಿಯಲು ಓಡಿದವರು ಏದುಸಿರು ಬಿಡುತ್ತಾರೆ. ಅಷ್ಟೇ ದೂರ ನಡೆದವರಿಗೆ ಏನೂ ಆಗುವುದಿಲ್ಲ. ಪ್ರೊಸೆಸರಿನದೂ ಅದೇ ಗುಣ. ವೋಲ್ಟೇಜ್ ಅರ್ಧಕ್ಕಿಳಿದರೆ ಅದೇ ಕೆಲಸಕ್ಕೆ ನಾಲ್ಕನೇ ಒಂದು ಭಾಗ ಶಕ್ತಿ ಸಾಕು. ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೆ. ಹಾಗಾಗಿ ಎಲ್ಲವನ್ನೂ ತಗ್ಗಿಸಿದೆ. ಎಷ್ಟು ತಗ್ಗಿಸಬಹುದೋ ಅಷ್ಟು. ನನ್ನ ಮೇಜಿನ ಮೇಲೆ ಸರಿಯಾಗಿ ನಡೆಯಿತು.

ಇವತ್ತು ಗಾಯ ತೋರಿಸಲು ಆಸ್ಪತ್ರೆಗೆ ಹೋದೆವು. ಒಳಗೆ ಎ.ಸಿ., ಫ್ರಿಜ್ಜಿನಂತೆ ತಣ್ಣಗೆ. ತೀರ ಕಡಿಮೆ ವೋಲ್ಟೇಜಿನಲ್ಲಿ ಪ್ರೊಸೆಸರ್ ಚಳಿಗೆ ಇನ್ನಷ್ಟು ಮಂದವಾಗುತ್ತದೆ. ಓದಿದ ವಿಷಯವೇ. ಆದರೂ ನನಗೆ ಹೊಳೆಯಲಿಲ್ಲ. ನರ್ಸ್ ಕತ್ತಿನ ರಂಧ್ರದ ಕೊಳವೆ ಬದಲಿಸುತ್ತಿದ್ದಾಗ ಅಕ್ಕ ಏನೋ ಬರೆದಳು. ಪೆಟ್ಟಿಗೆ "ಸ್ವಲ್ಪ" ಎಂದಿತು. ಮತ್ತೆ "ಸ್ವಲ್ಪ". ಆಮೇಲೆ ಆರಿ ಹೊಸದಾಗಿ ಹೊತ್ತಿಕೊಂಡಿತು. ಅಕ್ಕ ನರ್ಸಿನ ಕೈಯನ್ನೇ ಹಿಡಿದು ದೂಡಬೇಕಾಯಿತು.

ಹೊರಗೆ ಬಂದ ಮೇಲೆ ಪೆಟ್ಟಿಗೆ ಇಡೀ ವಾಕ್ಯ ಹೇಳಿತು: "ಸ್ವಲ್ಪ ಮೆಲ್ಲಗೆ ಮಾಡಮ್ಮಾ, ಎಳೀತಾ ಇದೆ." ಕೇಳಬೇಕಾದವಳು ಆಗಲೇ ಬೇರೆ ಕೋಣೆಯಲ್ಲಿದ್ದಳು.

ವೋಲ್ಟೇಜನ್ನು ಸುರಕ್ಷಿತ ಮಟ್ಟಕ್ಕೆ ಏರಿಸಿದೆ. ಆದರೂ ಎಷ್ಟು ನಿಧಾನವೆಂದರೆ, ಗುಂಡಿ ಒತ್ತಿದ ಮೇಲೆ ಮಾತು ಬರುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಅದೂ ಆಗದು. ಮತ್ತೆ ವೇಗ ಕೊಟ್ಟೆ.

ಬ್ಯಾಟರಿ: ಮಧ್ಯಾಹ್ನ ಎರಡೂವರೆಯವರೆಗೆ.

ಮಾರ್ಚ್ ೧೪, ಶುಕ್ರವಾರ

ಕೆಲಸಗಳಿಗೆ ಸರದಿ ಹಾಕಿದೆ. ಯಾವುದು ತಡೆಯಲಾಗದ್ದು, ಯಾವುದು ಕಾಯಬಹುದು ಎಂದು. ನೀರಿನ ಮೀಟರಿನಲ್ಲೂ ಮೊದಲು ಮಾಡುವುದು ಇದನ್ನೇ. "ನೀರು ಬೇಕು", "ನೋವಾಗ್ತಿದೆ", "ಡಾಕ್ಟರಿಗೆ ಫೋನ್ ಮಾಡಿ", "ಉಸಿರು ಕಟ್ತಿದೆ" ಇವನ್ನೆಲ್ಲ ಮೊದಲೇ ಸಿದ್ಧಮಾಡಿ ಒಳಗಿಟ್ಟಿದ್ದೇನೆ. ಹೇಳಲು ಖರ್ಚೇ ಇಲ್ಲ. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹೊಸ ಮಾತು ಬಂದ್, ಅವಶ್ಯಕವಾದವು ಮಾತ್ರ. ಹೀಗೆ ಮಾಡಿದರೆ ರಾತ್ರಿವರೆಗೂ ಅಕ್ಕ ಅಪಾಯದಲ್ಲಿರುವುದಿಲ್ಲ.

ನನ್ನ ಕೆಲಸದಲ್ಲಿ ನನಗೇ ತೃಪ್ತಿ ತಂದ ಏರ್ಪಾಡು. ಭಾವನಿಗೆ ವಿವರಿಸಿದೆ. "ಒಳ್ಳೇದಮ್ಮಾ," ಎಂದು ಮತ್ತೆ ಪೇಪರ್ ಎತ್ತಿಕೊಂಡರು.

ಬ್ಯಾಟರಿ: ರಾತ್ರಿ ಹತ್ತರವರೆಗೆ. ಕೊನೆಗೂ.

ಮಾರ್ಚ್ ೧೬, ಭಾನುವಾರ

ಸಿಗ್ನಲ್ ಮಾಮ ಬಂದಿದ್ದರು. ಅವರು ಅಕ್ಕನ ಜೊತೆ ಸ್ಟೇಷನ್ನಿನಲ್ಲಿದ್ದ ಸಿಗ್ನಲ್‌ಮನ್; ನಮ್ಮೆಲ್ಲರಿಗೂ ಮಾಮ. ಈಗ ಕೋಲು ಊರಿ ನಡೆಯುತ್ತಾರೆ. ಅಕ್ಕ ಅವರಿಗಾಗಿ ಬೆಳಿಗ್ಗೆಯಿಂದ ಕಾದಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೊರಳಿಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದಳು.

ಮಾತು ಹಳೆಯ ದಿನಗಳಿಗೆ ಹೋಯಿತು. ಮೈಕು ಆರಿಸಲು ಮರೆತು ಅಕ್ಕ ಅಧಿಕಾರಿಯೊಬ್ಬರ ನಡಿಗೆಯನ್ನು ಅಣಕಿಸಿದ್ದು, ಅದು ಎಲ್ಲ ಪ್ಲಾಟ್‌ಫಾರಂಗಳಿಗೂ ಕೇಳಿಸಿದ್ದು. ಮಾಮ ಅರ್ಧ ಹೇಳಿ, "ಆಮೇಲೇನಾಯ್ತು? ನೀನೇ ಹೇಳು, ನೀನು ಹೇಳಿದ್ರೇ ಚೆಂದ," ಎಂದರು. ಅಕ್ಕ ಕಣ್ಣರಳಿಸಿ ಬರೆಯತೊಡಗಿದಳು. ಉದ್ದವಾಗಿ ಬರೆದಳು. ನಾವು ಮೂವರೂ ನಗಲು ತಯಾರಾಗಿ ಕೂತಿದ್ದೆವು. ಗುಂಡಿ ಒತ್ತಿದಳು.

ಪೆಟ್ಟಿಗೆ ಸುಮ್ಮನಿತ್ತು. ಬರೆದದ್ದು ಅಳಿಸಿಹೋಗಿ ತೆರೆಯ ಮೇಲೆ ನನ್ನ ಅವಶ್ಯಕ ಮಾತುಗಳು ಸಾಲಾಗಿ ನಿಂತವು.

ಅಕ್ಕ ತೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಂದನ್ನು ಒತ್ತಿದಳು.

"ನೋವಾಗ್ತಿದೆ."

ಮಾಮ ಗಾಬರಿಯಾಗಿ ಎದ್ದರು, ಕೋಲು ಬಿತ್ತು. ಭಾವ ಡಾಕ್ಟರಮ್ಮನ ನಂಬರ್ ಹುಡುಕತೊಡಗಿದರು. ಅಕ್ಕ ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. "ನೋವಾಗ್ತಿದೆ. ನೋವಾಗ್ತಿದೆ." ಅವಳ ಧ್ವನಿ, ಅವಳ ಎಳೆತ. ನಾನೇ ಓಡಿಹೋಗಿ ಪೆಟ್ಟಿಗೆಯನ್ನು ಆರಿಸಿದೆ.

ಅವಳು ಪಟ್ಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮಾಮನನ್ನು ಬಾಗಿಲವರೆಗೆ ಬಿಟ್ಟುಬಂದವರು ಭಾವ.

ಪೆಟ್ಟಿಗೆ ಮಾಡಬೇಕಾದದ್ದನ್ನೇ ಮಾಡಿತು. ನನ್ನ ಲೆಕ್ಕದಲ್ಲಿ ತಪ್ಪಿಲ್ಲ.

ಬ್ಯಾಟರಿ: ಐದನೇ ಒಂದು ಭಾಗ ಉಳಿದಿದೆ.

ಮಾರ್ಚ್ ೧೮, ಮಂಗಳವಾರ

ಹೋಗಲಿಲ್ಲ. ಫೋನಿನಲ್ಲಿ ಭಾವ: "ಡ್ರಾಯರಲ್ಲಿ ಇಟ್ಟಿದ್ದಾಳೆ."

ಯಾರಿಗೋಸ್ಕರ ರಜೆ ಹಾಕಿ ಒದ್ದಾಡುತ್ತಿದ್ದೇನೆ ನಾನು?

ಮಾರ್ಚ್ ೨೧, ಶುಕ್ರವಾರ

ಬರೆಯುವಂಥದ್ದು ಏನಿಲ್ಲ. ಪಾತ್ರೆ ತೊಳೆಯುವಾಗ ಮನೆ ತುಂಬ ನಿಶ್ಶಬ್ದ. ರೇಡಿಯೋ ಹಾಕಿದೆ, ಆರಿಸಿದೆ.

ಮಾರ್ಚ್ ೨೩, ಭಾನುವಾರ

ಭಾವ ತಾವೇ ಬಂದರು. ನಮ್ಮ ಮನೆಗೆ ಅವರು ಒಬ್ಬರೇ ಬಂದ ನೆನಪೇ ಇಲ್ಲ. ಚಹಾ ಕುಡಿದರು, ನನ್ನ ಕನ್ನಡಕದ ಸಡಿಲವಾದ ತಿರುಪನ್ನು ಜೇಬಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿದರು.

"ಪೆಟ್ಟಿಗೆ ವಿಷಯ ಬಿಡಮ್ಮಾ. ಸುಮ್ನೆ ನೀನು ಬಾ. ಬಂದು ಕೂತ್ಕೋ."

"ಕೂತು ಏನು ಮಾಡ್ಲಿ ಭಾವ? ಅವಳು ನನ್ನ ಮುಖ ಕೂಡ ನೋಡಲ್ಲ."

"ನೋಡದಿದ್ರೆ ಏನಂತೆ, ನೀನು ನೋಡು."

ಸಂಜೆ ಅವರ ಜೊತೆಯೇ ಹೋದೆ. ಅಕ್ಕ ಕೋಸು ಹೆಚ್ಚುತ್ತಿದ್ದಳು. ಒಂದು ತುಂಡನ್ನು ನನ್ನ ಕಡೆ ತಳ್ಳಿದಳು. ಚಿಕ್ಕಂದಿನಲ್ಲಿ ನನಗೆ ಕೋಸಿನ ದಂಟು ಇಷ್ಟವಿತ್ತು; ಅದೇ ಭಾಗ. ನಾನು ತಿಂದೆ.

ಮಾರ್ಚ್ ೨೭, ಗುರುವಾರ

ನಾಲ್ಕು ದಿನದಿಂದ ಅಲ್ಲೇ ಇದ್ದೇನೆ. ಅಕ್ಕ ಭಾವನ ಅಂಗಡಿಯ ಹಳೆಯ ರಸೀತಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸುತ್ತಾಳೆ. ಮಾಡಲು ಬೇರೆ ಕೆಲಸವಿಲ್ಲದೆ ಅವಳು ಬರೆಯುವುದನ್ನೇ ನೋಡುತ್ತ ಕೂತಿದ್ದೆ.

ಒಂದು ಪದ ಬರೆಯುತ್ತಾಳೆ. ನಿಲ್ಲಿಸುತ್ತಾಳೆ. ಭಾವನ ಮುಖ ನೋಡುತ್ತಾಳೆ. ಹುಬ್ಬೇರಿಸುತ್ತಾಳೆ. ಇನ್ನೊಂದು ಪದ. ಮತ್ತೆ ಅವರ ಮುಖ. ಭಾವ ಪದಗಳನ್ನು ಒಂದೊಂದಾಗಿ ಓದುತ್ತ, ವಾಕ್ಯ ಮುಗಿಯುವ ಮೊದಲೇ ನಗಲು ಶುರು ಮಾಡಿರುತ್ತಾರೆ. ಕೊನೆಯ ಪದವನ್ನು ಅವಳು ಬೇಕೆಂದೇ ತಡೆದು, ಪೆನ್ಸಿಲಿನ ತುದಿಯನ್ನು ಕಚ್ಚಿಕೊಂಡು, ಇಷ್ಟಿಷ್ಟೇ ಬರೆಯುತ್ತಾಳೆ. ಸ್ಟೇಷನ್ನಿನ ಮೈಕಿನಲ್ಲೂ ಹಾಗೇ ಮಾಡುತ್ತಿದ್ದಳಲ್ಲವೇ, ಗಾಡಿಯ ಹೆಸರು ಹೇಳುವ ಮುಂಚೆ ಒಂದು ಉಸಿರು ತಡೆದು!

ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದಾಗ ತಲೆಗೆ ಬಂತು. ನನ್ನ ಪೆಟ್ಟಿಗೆ ಅವಳು ಬರೆದು ಮುಗಿಸುವವರೆಗೆ ಏನೂ ಮಾಡದೆ ಕೂತಿದ್ದು, ಗುಂಡಿ ಒತ್ತಿದ ಮೇಲೆ ಜೀವ ಬಿಟ್ಟು ಓಡುತ್ತದೆ. ಅವಳು ಬರೆಯುವಷ್ಟು ಹೊತ್ತು ಸುಮ್ಮನೆ ಹೋಗುತ್ತಿದೆ. ಎಷ್ಟೊಂದು ಹೊತ್ತು ಅದು! ಮೊದಲ ಪದ ಬರೆದ ಕೂಡಲೇ ಅದರ ಧ್ವನಿಯನ್ನು ಹುಟ್ಟಿಸಲು ಶುರು ಮಾಡಿದರೆ? ಎರಡನೆಯದು ಬರುವವರೆಗೆ ಸಮಯ ಇದ್ದೇ ಇದೆ. ಅವಸರವಿಲ್ಲ, ಹೆಚ್ಚು ವೋಲ್ಟೇಜ್ ಬೇಕಿಲ್ಲ. ಕೊನೆಯ ಪದಕ್ಕೆ ಮಾತ್ರ ಸ್ವಲ್ಪ ಜೋರಾಗಿ ಹೆಜ್ಜೆ ಹಾಕಿದರಾಯಿತು.

ಅರ್ಧ ಮಡಿಸಿದ ಹೊದಿಕೆಯನ್ನು ಅಲ್ಲೇ ಬಿಟ್ಟು ಡ್ರಾಯರ್ ತೆಗೆಯಲು ಹೋದೆ. ಅಕ್ಕ ಅಡ್ಡ ಬಂದು ರಸೀತಿಯ ಹಿಂದೆ ಬರೆದಳು:

"ನನಗೆ ಯಾವುದು ಅವಶ್ಯ ಅಂತ ನೀನು ಹೇಳಬೇಡ. ಆ ಸಾಲುಗಳನ್ನ ತೆಗೆದರೆ ಮಾತ್ರ ಕೊಡ್ತೀನಿ."

"'ಉಸಿರು ಕಟ್ತಿದೆ' ಅನ್ನೋದೊಂದು ಇರಲಿ ಅಕ್ಕಾ. ದಮ್ಮಯ್ಯ."

ಯೋಚಿಸಿದಳು. "ಅದೊಂದು ಇರಲಿ," ಎಂದು ಬರೆದಳು. ಕೆಳಗೆ ಇನ್ನೊಂದು ಸಾಲು: "ಹೊದಿಕೆ ಮಡಿಸಿ ಹೋಗು."

ಏಪ್ರಿಲ್ ೨, ಬುಧವಾರ

ಅಕ್ಕನ ಊಟದ ಮೇಜೇ ಈಗ ನನ್ನ ಪ್ರಯೋಗಾಲಯ. ತೀರ ನಿಧಾನ ಮಾಡಿದರೂ ನಷ್ಟ. ಕೆಲಸ ಮುಗಿಯುವವರೆಗೂ ಮೆಮೊರಿ ಎಚ್ಚರವಿದ್ದು ಬ್ಯಾಟರಿಯನ್ನು ತಿನ್ನುತ್ತಲೇ ಇರುತ್ತದೆ. ಎಲ್ಲೋ ನಡುವೆ ಒಂದು ಹದ ಇದೆ. ಅದನ್ನು ಹಿಡಿಯಲು ಅಕ್ಕ ದಿನವಿಡೀ ಬರೆಯಬೇಕು. ಬರೆಯುತ್ತಾಳೆ. ಪರೀಕ್ಷೆಗೆಂದು ಏನಾದರೂ ಬರಿ ಎಂದರೆ ಎದುರುಮನೆಯ ಗಂಡಹೆಂಡಿರ ಜಗಳವನ್ನೆಲ್ಲ ಬರೆದಿದ್ದಾಳೆ.

ಇನ್ನೊಂದು ತೊಂದರೆ: ಅವಳು ಬರೆದ ಪದವನ್ನು ಅಳಿಸಿ ಬೇರೆ ಹಾಕಿದರೆ ಮಾಡಿದ ಕೆಲಸ ದಂಡ. "ಆಡಿದ ಮೇಲೆ ಮನಸ್ಸು ಬದಲಾಯಿಸಬೇಡ," ಎಂದೆ.

ಪೆಟ್ಟಿಗೆ ಹೇಳಿತು: "ಆಡೋ ಮೊದಲು ಬದಲಾಯಿಸ್ತಾ ಇದೀನಲ್ಲ. ನೀನೂ ಅಭ್ಯಾಸ ಮಾಡ್ಕೋ."

ಬ್ಯಾಟರಿ: ಸಂಜೆ ಆರರವರೆಗೆ.

ಏಪ್ರಿಲ್ ೬, ಭಾನುವಾರ

ಸಿಗ್ನಲ್ ಮಾಮನನ್ನು ನಾನೇ ಕರೆದುಕೊಂಡು ಬಂದೆ. ಬರಲು ಹಿಂಜರಿದರು. "ಅವತ್ತು ನನ್ನಿಂದ ಆಯಾಸವಾಯ್ತೇನೋ," ಎಂದರು. ದಾರಿಯಲ್ಲಿ ವಿಷಯ ಹೇಳಿದೆ. ಕೇಳಿ ನಿಂತುಬಿಟ್ಟರು. "ನೋವು ಗಂಟಲಿಂದಲ್ಲ ಅಂತ ನನಗೂ ಅನ್ನಿಸಿತ್ತು ಮಗಾ," ಎಂದರು.

ಅಧಿಕಾರಿಯ ನಡಿಗೆಯ ಕಥೆ ಮತ್ತೆ ಮೊದಲಿಂದ ಬಂತು. ಅಕ್ಕ ಬರೆಯುತ್ತಾ ಮಾಮನ ಮುಖ ನೋಡಿದಳು, ಬರೆದಳು, ನೋಡಿದಳು. ಗುಂಡಿ ಒತ್ತಿದ ತಕ್ಷಣ ಮಾತು ಬಂತು, ತಡೆಯಿಲ್ಲದೆ, ಪೂರ್ತಿ:

"ಅವರು ಕೆಳಗಿಂದ ಮೇಲೆ ಬಂದು ಕೇಳಿದ್ರು, ಯಾರಮ್ಮಾ ಅದು ನಡಿಗೆ ಮಾಡಿ ತೋರಿಸಿದ್ದು ಅಂತ. ನಾನಂದೆ, ಸಾರ್, ಮೈಕಲ್ಲಿ ಬರೀ ಸದ್ದು ಕೇಳತ್ತೆ, ನಡಿಗೆ ನಿಮಗೆ ಹೇಗೆ ಗೊತ್ತಾಯ್ತು?"

ಮಾಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಕ್ಕನೂ ನಗುತ್ತಿದ್ದಳು. ಈಗ ಅವಳ ನಗುವಿಗೆ ಸದ್ದಿಲ್ಲ. ಭುಜ ಕುಣಿಯುತ್ತದೆ, ಕೊರಳ ಬಟ್ಟೆ ಬೇಗ ಬೇಗ ಉಬ್ಬಿ ಇಳಿಯುತ್ತದೆ. ನಗುವನ್ನೂ ಮುದ್ರಿಸಿದ್ದೇನೆ, ಗುಂಡಿ ಇದೆ. ಅವಳು ಒಂದು ಸಲವೂ ಒತ್ತಿಲ್ಲ.

ಮಾಮ ಹೋದ ಮೇಲೂ ಮಾತು ಮುಂದುವರಿಯಿತು: ನಮ್ಮ ಓಣಿ, ಅಮ್ಮ ಗಿರಣಿಯಿಂದ ಬಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೂರುತ್ತಿದ್ದದ್ದು, ತಲೆಗೂದಲಲ್ಲಿ ಸಿಕ್ಕಿಕೊಂಡಿರುತ್ತಿದ್ದ ಹತ್ತಿಯ ಎಳೆಗಳನ್ನು ನಾವಿಬ್ಬರೂ ಒಂದೊಂದು ಬದಿಯಿಂದ ಆರಿಸುತ್ತಿದ್ದದ್ದು. ನನಗೆ ನೆನಪೇ ಇರಲಿಲ್ಲ. ಅಕ್ಕ ಹೇಳಿದ ಮೇಲೆ ಬೆರಳ ತುದಿಗೆ ಆ ಎಳೆ ಸಿಕ್ಕಂತಾಯಿತು.

ಬ್ಯಾಟರಿ: ಮಲಗುವಾಗಲೂ ಸ್ವಲ್ಪ ಇತ್ತು. ಎಷ್ಟೆಂದು ನೋಡಿ ಬರೆಯಬೇಕು.

ಏಪ್ರಿಲ್ ೧೯, ಶನಿವಾರ

ಪರೀಕ್ಷೆಯ ಫಲಿತಾಂಶ ಬಂತು. ಗಡ್ಡೆಯ ಸುಳಿವಿಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದರು ಡಾಕ್ಟರಮ್ಮ.

ಅವರು ಎಚ್ಚರಿಕೆಗಳನ್ನು ಹೇಳುತ್ತಿದ್ದಾಗ ಅಕ್ಕ ನಡುವೆ ಬಾಯಿ ಹಾಕಿದಳು: "ಡಾಕ್ಟ್ರೇ, ನಿಮ್ಮ ನರ್ಸಮ್ಮನಿಗೆ ಹೇಳಿ, ಕೊಳವೆ ತೆಗೆಯೋವಾಗ ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸ್ತಾಳೆ."

ಡಾಕ್ಟರಮ್ಮ ನರ್ಸನ್ನೇ ಕರೆಸಿದರು. ಅಕ್ಕ ಅವಳಿಗೂ ಒಂದು ಪಾಠ ಹೇಳಿದಳು. ಹೊರಗೆ ಕಾಯುವವರ ಸಾಲು ಬೆಳೆಯುತ್ತಿತ್ತು. ಭಾವ ಮೊಣಕೈಯಿಂದ ತಿವಿದು, "ಸಾಕು ಮಾರಾಯ್ತಿ, ಏಳು," ಎಂದರು. ಏಳಲಿಲ್ಲ.

ಬರುವಾಗ ಮೂವರೂ ನಡೆದೇ ಬಂದೆವು. ಬಸ್ಸು ಸಿಗುತ್ತಿತ್ತು, ಓಡಬೇಕಿತ್ತು. ಬಿಟ್ಟೆವು.

ಮೇ ೫, ಸೋಮವಾರ

ಕೆಲಸಕ್ಕೆ ಮರಳಿದೆ. ನನ್ನ ಮೇಜಿನ ಮೇಲೆ ಹೊಸ ಮೀಟರುಗಳು ಸಾಲಾಗಿ ಕೂತಿವೆ. ಹನ್ನೆರಡು ವರ್ಷ ಬದುಕಬೇಕಂತೆ ಈ ಸಲ. ಎಷ್ಟು ಸಾಧುಗಳು! ಒಂದು ಅಂಕಿ ಹೇಳಿ ಮಲಗುತ್ತವೆ. ಯಾಕೋ ಬೇಜಾರಾಗಿ ಕ್ಯಾಂಟೀನಿಗೆ ಬೇಗ ಹೋದೆ.

ಊಟದ ಹೊತ್ತಿಗೆ ಫೋನ್ ಬಂತು. ಅಕ್ಕ. ಭಾವ ಹೊಸ ಪರದೆ ತಂದಿದ್ದಾರೆ, ಬಣ್ಣ ನೋಡಿದರೆ ಆಸ್ಪತ್ರೆ ನೆನಪಾಗುತ್ತದೆ, ಬದಲಾಯಿಸಿ ಅಂದರೆ ಅಂಗಡಿಯವನ ಮುಖ ನೋಡಲು ನಾಚಿಕೆ ಅಂತಾರೆ, ನಿನ್ನ ಕಡೆಯಿಂದ ಒಂದು ಮಾತು ಹೇಳು, ನೀನು ಹೇಳಿದರೆ ಕೇಳುತ್ತಾರೆ, ಅಂದ ಹಾಗೆ ಎದುರುಮನೆಯವರು ಮತ್ತೆ ಒಂದಾದರು, ನಿನ್ನೆ ಇಬ್ಬರೂ ಸೇರಿ ತರಕಾರಿ ತಂದರು... ಹೀಗೆ. ಹಿಂದಿನಿಂದ ಭಾವ ಏನೋ ಸಮಜಾಯಿಷಿ ಕೊಡುತ್ತಿದ್ದರು. "ನೀವು ಸುಮ್ನಿರಿ, ನಾನು ನನ್ನ ತಂಗಿ ಹತ್ರ ಮಾತಾಡ್ತಿದೀನಿ," ಎಂದಳು. ತಟ್ಟೆಯಲ್ಲಿದ್ದದ್ದು ತಣ್ಣಗಾಯಿತು. ಒಂದು ಕೈಯಲ್ಲಿ ಫೋನ್ ಹಿಡಿದೇ ತಿಂದೆ.

ಪಕ್ಕದ ಮೇಜಿನವಳು ಕಾದು ಕಾದು, ನಾನು ಫೋನ್ ಇಟ್ಟ ಮೇಲೆ ಕೇಳಿದಳು: "ಯಾರು ಮೇಡಂ ಅಷ್ಟು ಹೊತ್ತು?"

"ನಮ್ಮಕ್ಕ. ಒಂದು ಸಲ ಶುರು ಮಾಡಿದ್ರೆ ನಿಲ್ಲಿಸೋದೇ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ನಿಮ್ಮಕ್ಕನಿಗೆ ಗಂಟಲಿನ ಆಪರೇಷನ್ ಆಗಿ, ಮಾತು..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ಅವಳು ಯಾರ ವಿಷಯ ಕೇಳುತ್ತಿದ್ದಾಳೆಂದು ಒಂದು ಕ್ಷಣ ನನಗೆ ಹೊಳೆಯಲೇ ಇಲ್ಲ.